ಎರಡು ಏಕಾದಶಿ

ಗೋದಾವರಿ ಉಣ್ಣೆಯ ಟೋಪಿ ಹಾಕಿಕೊಂಡು ಅಂಗಡಿಯ ಕನ್ನಡಿಯ ಮುಂದೆ ನಿಂತಿದ್ದಾಗ ತಿರುಮಲನ ಜೇಬಿನಲ್ಲಿ ಫೋನು ನಡುಗಿತು. ಹೊರಗೆ ಹ್ಯೂಸ್ಟನ್ನಿನ ಜುಲೈ ಬಿಸಿಲು, ಬೆಳಗಿನ ಹನ್ನೊಂದಕ್ಕೇ ನೂರು ಡಿಗ್ರಿ ಫ್ಯಾರನ್‌ಹೀಟಿನ ಗಡಿ ಮುಟ್ಟಿತ್ತು. ಅಂಥ ದಿನ ಕೈಗವಸು, ಟೋಪಿ, ನೀರು ತಾಗದ ಕೋಟು ಎಂದು ಗಾಡಿ ತುಂಬಿಸಿಕೊಳ್ಳುತ್ತಿದ್ದ ದಂಪತಿಯನ್ನು ಕಂಡು ಕೌಂಟರಿನ ಹೆಂಗಸು ನಕ್ಕಿದ್ದಳು. "ಅಲಾಸ್ಕಾ" ಎಂದು ತಿರುಮಲ ಅವಳು ಕೇಳುವ ಮೊದಲೇ ಹೇಳಿದ್ದ. ಎರಡು ತಿಂಗಳಿಂದ ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದದ್ದು ಅದೊಂದೇ ಮಾತು.

ಫೋನಿನಲ್ಲಿದ್ದವನು ಚನ್ನಕೇಶವ, ಗೋದಾವರಿಯ ಅಣ್ಣನ ಮಗ, ಧಾರವಾಡದಿಂದ. ಅಂಗಡಿಯೊಳಗೆ ಹಾಡಿನ ಗದ್ದಲ. "ಒಂದ ನಿಮಿಷ ತಡಿಯಪಾ" ಎಂದು ತಿರುಮಲ ಕಾರು ನಿಲ್ಲಿಸಿದ ಬಯಲಿಗೆ ಬಂದ.

"ಮಾಮಾ, ಅಪ್ಪಾ ಹೋದ್ರು," ಎಂದ ಚನ್ನಕೇಶವ. "ಸಂಜೀಮುಂದ ಸಂಧ್ಯಾವಂದನಿಗೆ ಕೂತಿದ್ರು. ಕೂತಲ್ಲೇ ವಾಲಿದ್ರು. ಡಾಕ್ಟರ್ ಬರೋದ್ರಾಗ ಎಲ್ಲಾ ಮುಗದಿತ್ತು."

ತಿರುಮಲ ಯಾರದೋ ಟ್ರಕ್ಕಿಗೆ ಆತುಕೊಂಡ. ತಗಡು ಸುಡುತ್ತಿತ್ತು. ಚನ್ನಕೇಶವ ಫೋನನ್ನು ವಿಡಿಯೋಕ್ಕೆ ತಿರುಗಿಸಿ, "ಮುಖಾ ನೋಡ್ರಿ ಮಾಮಾ," ಎಂದ. ತಿರುಮಲ ಕೈಯಿಂದ ನೆರಳು ಮಾಡಿ ನೋಡಿದ. ಪಡಸಾಲೆ, ಹೆಣ್ಣುಮಕ್ಕಳ ಸೀರೆಯ ಅಂಚು, ಚಾಪೆ. ಕೈ ತನ್ನಷ್ಟಕ್ಕೇ ಎದೆಯ ಮೇಲೆ ಹೋಯಿತು, ಕಣ್ಣು ತುಂಬಿ ಬಂತು. ಗೋದಾವರಿಯ ಅಣ್ಣ ಶ್ಯಾಮಸುಂದರ ಅಂಥ ಮನುಷ್ಯ. ತಂದೆ ಸತ್ತಾಗ ಒಂಬತ್ತು ವರ್ಷದವಳಾಗಿದ್ದ ತಂಗಿಯನ್ನು ಅಂಚೆ ಕಚೇರಿಯ ಸಂಬಳದಲ್ಲಿ ಓದಿಸಿ, ಮದುವೆ ಮಾಡಿ, ಬಾಣಂತನವನ್ನೂ ಮಾಡಿಸಿ, ಅದನ್ನು ಒಂದು ದಿನವೂ ಬಾಯಿಬಿಟ್ಟು ಆಡಿದವನಲ್ಲ.

"ಅತ್ತಿ ಬಾಜೂಕ ಇದ್ದಾಳೇನು?" ಎಂದು ಚನ್ನಕೇಶವ ಕೇಳಿದ.

"ಇಲ್ಲ. ಒಳಗಿದ್ದಾಳ."

"ಹಂಗಾರ ಆಕಿಗೆ ಹೇಳಬ್ಯಾಡ್ರಿ ಮಾಮಾ. ಬರೋ ಶನಿವಾರ ನೀವು ಹೊರಡೋರು. ದಿನಾ ಅಪ್ಪಾಗ ಅದನ್ನಽ ಹೇಳತಿದ್ಲು, ಹಿಮಾ ನೋಡತೀನಿ, ತಿಮಿಂಗಿಲಾ ನೋಡತೀನಿ ಅಂತ. ಹೋಗಿ ಬರಲಿ. ಬಂದಮ್ಯಾಲೆ ಹೇಳಿದ್ರಾತು. ಈಗ ಹೇಳಿದ್ರೂ ಆಕಿ ಬಂದು ಮುಟ್ಟೋದು ಆಗೋದಿಲ್ಲ. ಮುಂಜಾನೆ ಪುಣಾದಿಂದ ಅಕ್ಕಾ ಬಂದಕೂಡಲೇ ಒಯ್ಯತೇವಿ."

ಕೆಟ್ಟ ಸುದ್ದಿಯನ್ನು ತಡೆದಿಟ್ಟುಕೊಳ್ಳುವುದು ಆ ಮನೆತನಕ್ಕೆ ಹೊಸದಲ್ಲ. ಪರೀಕ್ಷೆಗೆ ಕೂತವರಿಗೆ, ಬಸುರಿಗೆ, ಊರಿಗೆ ಹೊರಟು ನಿಂತವರಿಗೆ ಸಾವಿನ ಸುದ್ದಿ ಹೇಳಬಾರದು. ಊಟಕ್ಕೆ ಕೂತವರಿಗಂತೂ ಕೈ ತೊಳೆದ ಮೇಲೆಯೇ. ಎಲ್ಲರೂ ಅದನ್ನು ಪ್ರೀತಿ ಎಂದೇ ತಿಳಿದಿದ್ದರು, ಚನ್ನಕೇಶವನೂ ಪ್ರೀತಿಯಿಂದಲೇ ಹೇಳಿದ್ದ. ಆದರೆ ತಿರುಮಲ "ಹೂಂ, ಅದಽ ಛಲೋ" ಎಂದದ್ದು ಪ್ರೀತಿಯಿಂದಲ್ಲ. ಅವನು ಅದನ್ನು ಅಂದ ವೇಗಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಅವನ ಒಳಗಿನದು ಹಳೆಯ ಹುಣ್ಣು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರೆಂಬ ಭಾಗದ ಎಣ್ಣೆ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಕೂತು ಸಮುದ್ರದ ತಳದ ಕೊಳವೆಗಳಿಗೆ ಎಷ್ಟು ತುಕ್ಕು ಹಿಡಿಯುತ್ತದೆಂದು ಲೆಕ್ಕ ಹಾಕಿದವನು ಅವನು. ಸಮುದ್ರ ಕಂಡದ್ದು ಕಂಪ್ಯೂಟರಿನ ಪರದೆಯ ಮೇಲೆ. ಹಿಮನದಿ ನೋಡಬೇಕೆಂದು ಹಿಂದೆ ಎರಡು ಸಲ ಟಿಕೆಟ್ಟು ಮಾಡಿಸಿದ್ದ. ಮೊದಲ ಸಲ ಗೋದಾವರಿಯ ತಾಯಿಗೆ ಪಾರ್ಶ್ವವಾಯು ಹೊಡೆಯಿತು. ಎರಡನೆಯ ಸಲ ಶ್ಯಾಮಸುಂದರನ ಎದೆಯ ಆಪರೇಷನ್ನು; ಗೋದಾವರಿ ಹೋದವಳು ಮೂರು ತಿಂಗಳು ಬರಲಿಲ್ಲ. ಎರಡು ಸಲವೂ ಅವನು ಹ್ಯೂಸ್ಟನ್ನಿನ ಹೊರವಲಯದ ಕೇಟಿ ಊರಿನ ತಮ್ಮ ಮನೆಯಲ್ಲಿ ಒಬ್ಬನೇ ಕೂತು ಮೊಸರನ್ನ ತಿಂದಿದ್ದ. ಮೂರನೆಯ ಸಲವೂ ಧಾರವಾಡವೇ ಗೆಲ್ಲಬೇಕೇ ಎಂಬುದು, ಸತ್ತವನ ಮುಖದ ಮುಂದೆ ನಿಂತು, ಅವನ ತಲೆಗೆ ಬಂದ ಮೊದಲ ವಿಚಾರ.

ಕಣ್ಣು ಒರೆಸಿಕೊಂಡು ಒಳಗೆ ಹೋದ.

"ಯಾರ ಫೋನ್ರೀ?"

"ಬೋಟಿನವರು. ಎಂಟಕ್ಕ ಸರಿಯಾಗಿ ಬಂದರದಾಗ ಇರಬೇಕಂತ."

"ಈ ಟೊಪಗಿ ಹೆಂಗ ಕಾಣಸ್ತದ?"

"ಛಂದ ಕಾಣಸ್ತದ."

"ನಿಮಗೇನು, ಎಲ್ಲಾನೂ ಛಂದಽ." ಗೋದಾವರಿ ನಕ್ಕಳು. "ಒಂದು ಫೋಟೋ ಹೊಡದು ಅಣ್ಣಗ ಕಳಸ್ರಿ. ಹಿಮದಾಗ ಆಚಮನ ಹೆಂಗ ಮಾಡ್ತಾನ ನಿನ್ನ ಗಂಡ ಅಂತ ಮೊನ್ನೆ ಚಾಷ್ಟಿ ಮಾಡತಿದ್ದ."

ತಿರುಮಲ ಫೋಟೋ ತೆಗೆದ, ಕಳಿಸಿದ. ಕಾರಿನಲ್ಲಿ ಐ-ಟೆನ್ ಹೆದ್ದಾರಿ ಹತ್ತುವಷ್ಟರಲ್ಲಿ ಫೋಟೋದ ಕೆಳಗೆ ಎರಡು ನೀಲಿ ಗೆರೆ ಬಂದವು. ಹಿಂದೆಯೇ ಒಂದು ಹೆಬ್ಬೆರಳಿನ ಚಿತ್ರವೂ ಬಂತು. ಗೋದಾವರಿ ಅದನ್ನು ನೋಡಿ, "ಇನ್ನೂ ಮಲಗಿಲ್ಲ ನೋಡ್ರಿ, ಮುದುಕಾ" ಎಂದಳು. ತಿರುಮಲ ಏಸಿ ಜೋರು ಮಾಡಿದ.

ಸುಳ್ಳು ಒಂದು ಹೇಳಿದರೆ ಸಾಲದು, ಅದಕ್ಕೆ ಸಂಸಾರ ಕಟ್ಟಿಕೊಡಬೇಕು. ಅವತ್ತೇ ಬಳಗದವರೆಲ್ಲ ಗೋದಾವರಿಯೊಬ್ಬಳನ್ನು ಬಿಟ್ಟು ವಾಟ್ಸಾಪಿನಲ್ಲಿ ಇನ್ನೊಂದು ಗ್ರೂಪು ಮಾಡಿಕೊಂಡರು. ಅಸ್ಥಿ ಯಾವ ಹೊಳೆಗೆ, ಹತ್ತನೇ ದಿನಕ್ಕೆ ಎಷ್ಟು ಎಲೆ ಎಂಬುದೆಲ್ಲ ಅಲ್ಲಿ. ಹಳೆಯ ಗ್ರೂಪಿನಲ್ಲಿ ಎಂದಿನಂತೆ ಗುಡ್ ಮಾರ್ನಿಂಗ್ ಗುಲಾಬಿಗಳು. ಹಳೆಯ ಗ್ರೂಪಿಗೆ ಮುಖ್ಯವಾದ ಇನ್ನೊಂದು ಕೆಲಸವಿತ್ತು. ಧಾರವಾಡದಲ್ಲಿ ಬೆಳಗಾಗುವ ಹೊತ್ತಿಗೆ, ಅಂದರೆ ಕೇಟಿಯಲ್ಲಿ ಸಂಜೆ ಏಳೂವರೆಗೆ, ಶ್ಯಾಮಸುಂದರ ಅದರಲ್ಲಿ ಆ ದಿನದ ಪಂಚಾಂಗ ಬರೆದು ಹಾಕುತ್ತಿದ್ದ: ತಿಥಿ, ವಾರ, ನಕ್ಷತ್ರ, ಮತ್ತು ಕೊನೆಗೆ 'ಸರ್ವೇ ಜನಾಃ ಸುಖಿನೋ ಭವಂತು'. ಎಂಟು ವರ್ಷದಲ್ಲಿ ಎದೆಯ ಆಪರೇಷನ್ನಿನ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿರಲಿಲ್ಲ. ಅದು ನಿಂತರೆ ಅತ್ತೆಗೆ ಸಂಶಯ ಬರುತ್ತದೆಂದು ಚನ್ನಕೇಶವ ಅಪ್ಪನ ಫೋನಿನಿಂದ ತಾನೇ ಹಾಕತೊಡಗಿದ. ಹೆಣ ಪಡಸಾಲೆಯಲ್ಲಿದ್ದಾಗಲೇ ಸತ್ತವನು ಎಲ್ಲರಿಗೂ ಭಾನುವಾರದ ನಕ್ಷತ್ರ ತಿಳಿಸಿದ.

ಭಾನುವಾರ ಗೋದಾವರಿ, "ಅಣ್ಣಾ ಫೋನ್ ಎತ್ತವಲ್ಲ," ಎಂದಳು.

"ಮಳಿ ಭಾಳ ಅದ ಅಂತ. ನೆಟ್‌ವರ್ಕ್ ಇರಲಿಕ್ಕಿಲ್ಲ. ಪಂಚಾಂಗ ಬಂದದಲ್ಲ?"

"ಬಂದದ."

"ಮತ್ತ?"

ಆಸ್ಟಿನ್ನಿನಲ್ಲಿರುವ ಮಗಳು ಶ್ರೀಜಾಳಿಗೆ ಮಾತ್ರ ಹೇಳಲೇಬೇಕಾಯಿತು, ಅವಳ ಬಾಯಿಂದ ಜಾರಬಾರದೆಂದು. ತಿರುಮಲ ಹಿತ್ತಲಿನ ಬೇಲಿಯ ಪಕ್ಕ ನಿಂತು ಫೋನು ಮಾಡಿದ. ಮಾಮನ ಸಾವಿಗೆ ಅವಳು ಅತ್ತಳು, ಆಮೇಲೆ ಅವನ ಯೋಜನೆ ಕೇಳಿ ಅಳು ನಿಲ್ಲಿಸಿದಳು.

"ಅಪ್ಪಾ, ನೋ. ಯು ಹ್ಯಾವ್ ಟು ಟೆಲ್ ಹರ್. ಟುಡೇ."

"ನಿನಗ ತಿಳಿಯೂದಿಲ್ಲ. ಆಕಿ ಭಾಳ ಹಚ್ಚಿಕೊಂಡಾಳ."

"ಅದಕ್ಕೇ ಹೇಳಬೇಕು!" ಎಂದು ಶ್ರೀಜಾ ಕನ್ನಡದಲ್ಲೇ ಕೂಗಿದಳು. ಅವಳು ಕನ್ನಡಕ್ಕೆ ಇಳಿದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ. ಕೊನೆಗೆ, ನಾನೇ ಸಮಯ ನೋಡಿ ಹೇಳುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ ಎಂದು ಆಣೆ ಹಾಕಿಸಿಕೊಂಡು ತಿರುಮಲ ಫೋನಿಟ್ಟ.

ಸಮಯ ನೋಡಲು ಅವನಿಗೆ ಪುರಸೊತ್ತಾದರೂ ಎಲ್ಲಿತ್ತು! ಬೋಟಿನವರು ಕಳಿಸಿದ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದ. ಮೈಗೆ ಮೂರು ಪದರ ಬಟ್ಟೆ, ಹತ್ತಿಯದು ಕೂಡದು. ವಾಂತಿಯ ಮಾತ್ರೆ ಬೋಟು ಹತ್ತುವ ಒಂದು ತಾಸು ಮೊದಲು. ಹೊಸ ದುರ್ಬೀನು ಹಿಡಿದು ಹಿತ್ತಲಲ್ಲಿ ಅಳಿಲುಗಳ ಮೇಲೆ ಅಭ್ಯಾಸ ಮಾಡಿದ. ಸಿವರ್ಡ್ ಎಂಬ ಆ ಬಂದರದ ಹವಾಮಾನವನ್ನು ದಿನಕ್ಕೆ ನಾಲ್ಕು ಸಲ ನೋಡಿದ. ಫೋನು ಮಾಡಿದ ಗೆಳೆಯರಿಗೆಲ್ಲ, "ಹಿಮನದಿ ಮುಂದ ಹೋಗಿ ಬೋಟಿನ ಎಂಜಿನ್ ಬಂದ್ ಮಾಡತಾರ. ಎಲ್ಲಾರೂ ಸುಮ್ಮನ ನಿಲ್ಲಬೇಕು. ಮನಿಯಷ್ಟು ಬರ್ಫ ಮುರದು ನೀರಿಗೆ ಬೀಳೋ ಸಪ್ಪಳ ಕೇಳಸ್ತದ," ಎಂದು ವರ್ಣಿಸಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ತಿರುಮಲನದು ಮೊದಲ ಎರಡು ದಿನ ಹಾಗಿತ್ತು. ಆಮೇಲೆ ಅದಕ್ಕೂ ರೂಢಿಯಾಯಿತು.

ಗೋದಾವರಿಯೂ ತಯಾರಿ ನಡೆಸಿದ್ದಳು. ಬೋಟಿನಲ್ಲಿ ಹೊಟ್ಟೆ ತೊಳಸಬಾರದೆಂದು ಹಸಿಶುಂಠಿ ಅರೆದು ಆಲೇಪಾಕ ಮಾಡಿದಳು, ಶೇಂಗಾ ಚಟ್ನಿಪುಡಿ ಕುಟ್ಟಿದಳು. ಆದರೆ ಮಂಗಳವಾರ ಅವಳು ಏನೂ ತಿನ್ನಲಿಲ್ಲ. ಹಿಂದಿನ ಸಂಜೆಯ ಪಂಚಾಂಗದಲ್ಲಿ ಏಕಾದಶಿ ಎಂದು ಬಂದಿತ್ತು, ಸರಿ. ಬುಧವಾರವೂ ತಟ್ಟೆ ಹಾಕಿಕೊಳ್ಳಲಿಲ್ಲ.

"ಎರಡೆರಡು ದಿನಾ ಉಪಾಸಾ?" ಎಂದ ತಿರುಮಲ.

"ನಿನ್ನೆ ಊಟ ಸೇರಲಿಲ್ಲ. ಇವತ್ತ ಏಕಾದಶಿ."

ಅವಳ ಮುಖ ಬಾತಿತ್ತು. ಒಗ್ಗರಣೆಯ ಘಾಟಿರಬೇಕು, ಇಲ್ಲವೇ ಹ್ಯೂಸ್ಟನ್ನಿನ ಧೂಳಿನ ಅಲರ್ಜಿ ಎಂದುಕೊಂಡ. ಕೇಳಬಹುದಿತ್ತು. ಕೇಳಿದರೆ ಮಾತು ಧಾರವಾಡಕ್ಕೆ ಹೋಗುತ್ತದೆ ಎಂದು ಬಿಟ್ಟ.

ಗುರುವಾರ ಸಂಜೆ ಅವನು ಕೋಟಿನ ಜೇಬುಗಳಿಗೆ ಕೈಗವಸು ತುರುಕುತ್ತಿದ್ದಾಗ ಗೋದಾವರಿ ಬಂದು ಬಾಗಿಲಲ್ಲಿ ನಿಂತಳು. "ರೀ, ನನಗ ಏನರ ಹೇಳೋದದ ಏನು?" ಎಂದಳು.

ತಿರುಮಲ ಕೈಗವಸನ್ನು ಜೇಬಿನ ತಳಕ್ಕೆ ಒತ್ತಿದ. ತಲೆ ಎತ್ತದೆಯೇ, "ಹಾಂ, ಛಲೋ ನೆನಪಿಸಿದಿ. ದುರ್ಬೀನು ಕೊರಳಾಗ ಹಾಕ್ಕೋಬೇಕು. ಕೈಯಾಗ ಹಿಡದ್ರ ಗಾಳಿಗೆ ಸಮುದ್ರಕ್ಕ ಬೀಳತದ," ಎಂದ.

"ಆತು," ಎಂದು ಅವಳು ಹೊರಟುಹೋದಳು.

ಶುಕ್ರವಾರ ಮಧ್ಯಾಹ್ನ ತಿರುಮಲ ವಾಂತಿಯ ಮಾತ್ರೆ ತರಲು ಹೋಗಿ ಬರುವಷ್ಟರಲ್ಲಿ ಮಂಚದ ಮೇಲೆ ಎರಡು ರಾಶಿಗಳಾಗಿದ್ದವು. ಇಬ್ಬರಿಗೂ ಸೇರಿಸಿ ತುಂಬಿದ್ದ ದೊಡ್ಡ ಸೂಟ್‌ಕೇಸಿನಿಂದ ಗೋದಾವರಿ ತನ್ನ ಕೋಟು, ಟೋಪಿ, ಉಣ್ಣೆಯ ಕಾಲುಚೀಲ ಎಲ್ಲ ತೆಗೆದು ಒಂದು ಕಡೆ ಇಟ್ಟಿದ್ದಳು. ಕೋಟಿನ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಇನ್ನೊಂದು ಕಡೆ ನೂಲಿನ ಸೀರೆಗಳು. ಅವನ್ನು ಮಡಚಿ ಸಣ್ಣ ಚೀಲಕ್ಕೆ ಹಾಕುತ್ತಿದ್ದಳು.

"ಹತ್ತಿದು ಬ್ಯಾಡಂತ ಬರದಾರಲ್ಲ," ಎಂದ ತಿರುಮಲ.

"ಧಾರವಾಡಕ್ಕ ಹತ್ತಿದಽ ಬೇಕು. ಸಂಜೀಗೆ ಫ್ಲೈಟ್ ಅದ. ಶ್ರೀಜಾ ಆಸ್ಟಿನ್ ಬಿಟ್ಟು ಒಂದು ತಾಸಾತು. ಆಕಿನಽ ಟಿಕೆಟ್ ಮಾಡಿಸ್ಯಾಳ, ಏರ್‌ಪೋರ್ಟಿಗೂ ಆಕಿನಽ ಬಿಡತಾಳ."

ತಿರುಮಲ ಮಂಚದ ತುದಿಗೆ ಕೂತ. ಕೈಯಲ್ಲಿದ್ದ ಮಾತ್ರೆಯ ಪೊಟ್ಟಣ ಚರಪರ ಎಂದಿತು.

"ಶ್ರೀಜಾ ಹೇಳಿದ್ಲೇನು?"

"ಇಲ್ಲ. ಆಕಿಗೆ ನೀವು ಆಣಿ ಹಾಕಿದ್ರಿ, ಆಕಿ ಮುರೀಲಿಲ್ಲ. ನಾನಽ ಸೋಮವಾರ ಆಕಿಗೆ ಫೋನ್ ಮಾಡಿ ಹೇಳಿದೆ. ನನಗ ಗೊತ್ತದ ಅಂತ ನಿಮಗ ಹೇಳಬಾರದು ಅಂತ ನಾನೂ ಆಣಿ ಹಾಕಿದೆ. ನಮ್ಮಿಬ್ಬರ ನಡುವ ಆ ಹುಡುಗಿ ಉಸರುಗಟ್ಟಿ ಸಾಯಲಿಲ್ಲ ಅಷ್ಟಽ."

"ಸೋಮವಾರಾ?"

"ಸೋಮವಾರ ಸಂಜೀಕೆ, ನೀವು ವಾಕಿಂಗಿಗೆ ಹೋದಾಗ." ಗೋದಾವರಿ ಸೀರೆಯೊಂದನ್ನು ಬಿಡಿಸಿ ಮತ್ತೆ ಮಡಚಿದಳು. "ಪಂಚಾಂಗ ಬಂತು. ಮಂಗಳವಾರ ಏಕಾದಶಿ ಅಂತ ಇತ್ತು. ನಮ್ಮಣ್ಣಾ ಸತ್ರೂ ಅದನ್ನ ಬರಿಯೋನಲ್ಲ."

ತಿರುಮಲನಿಗೆ ಕೂಡಲೇ ತಿಳಿಯಿತು. ಅವನೂ ಅದೇ ಆಚಾರದ ಮನೆಯಲ್ಲಿ ಹುಟ್ಟಿದವನು. ಬೆಳಗಿನ ಜಾವದಲ್ಲಿ ದಶಮಿಯ ಸೋಂಕು ತುಸು ಉಳಿದಿದ್ದರೂ ಮಾಧ್ವರಿಗೆ ಅಂದು ಏಕಾದಶಿಯಲ್ಲ, ಉಪವಾಸ ಮರುದಿನಕ್ಕೆ. ಶ್ಯಾಮಸುಂದರ ಮಠದ ಪಂಚಾಂಗ ಬಿಟ್ಟು ಇನ್ನೊಂದನ್ನು ಮುಟ್ಟಿದವನಲ್ಲ. ಚನ್ನಕೇಶವನಿಗೆ ಅಪ್ಪನ ಪುಸ್ತಕ ಹುಡುಕುವ ವ್ಯವಧಾನವಿರಲಿಲ್ಲ. ಫೋನಿನ ಯಾವುದೋ ಆ್ಯಪಿನಿಂದ ಎತ್ತಿ ಹಾಕಿದ್ದ, ಎಲ್ಲರ ಏಕಾದಶಿಯೂ ಒಂದೇ ಎಂದು.

"ಅಣ್ಣಗ ಏನೋ ಆಗೇದ ಅಂತ ಬಾಜೂ ಮನಿ ತುಳಸಿಬಾಯಿಗೆ ಫೋನ್ ಹಚ್ಚಿದೆ. ಆಕಿಗೆ ಹೇಳಬ್ಯಾಡ ಅಂತ ಯಾರೂ ಹೇಳಿದ್ದಿಲ್ಲ. ನನ್ನ ದನಿ ಕೇಳಿ, ಯಾವಾಗ ಬರತೀಯವಾ ಗೋದಾ ಅಂತ ಅಳಲಿಕ್ಕೆ ಹತ್ತಿದ್ಲು."

"ಗೋದಾ, ನಾ ಹೇಳೋನಽ ಇದ್ದೆ..."

"ಯಾವಾಗ?"

ಗೋದಾವರಿಯ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಜಗಳವಾದರೆ ಅವನೂ ಎರಡು ಮಾತು ಆಡಬಹುದಿತ್ತು, ಮೊದಲ ಸಲ, ಎರಡನೇ ಸಲ ಎಂದು ಲೆಕ್ಕ ತೆಗೆಯಬಹುದಿತ್ತು.

"ಮುಖಾ ನೋಡೋದಂತೂ ಹೋಗಿತ್ತು," ಎಂದಳು ಅವಳು. "ಇನ್ನ ಹತ್ತನೇ ದಿನಕ್ಕ ಮುಟ್ಟಿದ್ರ ಸಾಕು ಅಂತ ಇವತ್ತಿನ ಫ್ಲೈಟ್ ನೋಡು ಅಂದೆ. ನಡುವಿನ ದಿನಾ ನಿಮಗ ಬಿಟ್ಟಿದ್ದೆ. ಇವತ್ತ ಹೇಳತಾರ, ನಾಳೆ ಹೇಳತಾರ ಅಂತ. ಕೊಟ್ಟ ಹೆಣ್ಣುಮಗಳಿಗೆ ಮೂರು ದಿನದ ಸೂತಕ. ಮಂಗಳವಾರ, ಬುಧವಾರ, ಗುರುವಾರ ದೇವರ ಮನ್ಯಾಗ ನಾ ದೀಪಾ ಹಚ್ಚಲಿಲ್ಲ. ಮುಂಜಾನೆ ಎದ್ದು ನೋಡತಿದ್ದೆ. ನೀವು ದಿನಾ ಸ್ನಾನಾ ಮಾಡಿ ಬಂದು ಆ ಆರಿದ ದೀಪದ ಮುಂದ ನಿಂತು ಕೈ ಮುಗದ್ರಿ, ಚಹಾ ಕುಡದ್ರಿ, ದುರ್ಬೀನು ತೊಗೊಂಡು ಹಿತ್ತಲಕ್ಕ ಹೋದ್ರಿ."

ತಿರುಮಲನಿಗೆ ದೇವರ ಕೋಣೆ ಕಣ್ಣಿಗೆ ಕಟ್ಟಿತು. ದೇವರ ಮುಂದೆ ನಿಂತು ತಾನು ಬೇಡಿಕೊಂಡದ್ದು ನೆನಪಿಗೆ ಬಂತು: ಶನಿವಾರದ ತನಕ ಏನೂ ಆಗದಿರಲಿ. ದೀಪ ಉರಿಯುತ್ತಿತ್ತೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

"ನೀವು ಮುಖಾ ನೋಡಿದ್ರಂತ," ಎಂದಳು ಗೋದಾವರಿ. "ಚನ್ನ್ಯಾ ಹೇಳಿದ. ನಿನ್ನೆ ಅವಗ ಫೋನ್ ಮಾಡಿ ಬೈದೆ. ಮಾಮಾಗ ತೋರಿಸಿದ್ದೆ ಅತ್ತಿ, ಅಂದ."

"ಹೂಂ."

ಅವಳು ಸೀರೆ ಬಿಟ್ಟು ಅವನ ಎದುರು ಬಂದು ನಿಂತಳು. ಸೋಮವಾರದಿಂದ ಈಚೆಗೆ ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು. "ಹೆಂಗ ಕಾಣತಿದ್ದ?"

ಶಾಂತವಾಗಿದ್ದ, ಮಲಗಿದ ಹಾಗಿದ್ದ ಎನ್ನಲು ತಿರುಮಲ ಬಾಯಿ ತೆರೆದ. ಎಲ್ಲರೂ ಎಲ್ಲ ಸಾವಿಗೂ ಹೇಳುವ ಮಾತು ಅದು. ಹೇಳಲಾಗಲಿಲ್ಲ. ಸೀರೆಯ ಅಂಚು, ಚಾಪೆ, ಪರದೆಯ ಮೇಲೆ ಹೊಳೆದ ತನ್ನದೇ ಬೋಳು ಹಣೆ ಬಿಟ್ಟರೆ ಅವನಿಗೆ ಏನೂ ಕಂಡಿರಲಿಲ್ಲ.

"ಬಿಸಲಿತ್ತು, ಗೋದಾ. ಸರಿ ಕಾಣಲಿಲ್ಲ."

"ಅಂಗಡಿ ಒಳಗ ನೆರಳಿತ್ತಲ್ರೀ," ಎಂದಳು ಗೋದಾವರಿ. "ಒಳಗ ಬರಬೇಕಿತ್ತು."

ಆಗ ಅತ್ತಳು. ಅವನು ಏಳಹೋದ. ಅವಳು ಬೇಡವೆಂದು ಕೈ ಅಡ್ಡ ಮಾಡಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

"ನಾನೂ ಬರತೀನಿ," ಎಂದ ತಿರುಮಲ.

"ಬ್ಯಾಡ. ನೀವು ಬಂದ್ರ ಅಳಿಯಂದ್ರು ಬಂದ್ರು ಅಂತ ವೈನಿ ಗಂಡಗ ಅಳೋದು ಬಿಟ್ಟು ನಿಮಗ ಚಹಾ ಕಾಸಬೇಕಾಗತದ. ನೀವು ಬರ್ಫ ನೋಡಿ ಬರ್ರಿ. ಎರಡು ಸಲ ತಪ್ಪೇದ."

ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳಬೇಕಿತ್ತು, ಕಾಲು ಹಿಡಿದಾದರೂ ಒಪ್ಪಿಸಬೇಕಿತ್ತು. ಅವನು ಹೇಳಲಿಲ್ಲ. ಎದೆಯ ಯಾವುದೋ ಮೂಲೆಯಲ್ಲಿ ಸಣ್ಣಗೆ ಒಂದು ನಿರಾಳ ಎದ್ದದ್ದು ಅವನಿಗೇ ಗೊತ್ತಾಯಿತು. ಅದು ಅವಳಿಗೂ ಗೊತ್ತಾಯಿತೆಂದು ಅವಳು ಚೀಲದ ಜಿಪ್ಪು ಎಳೆದ ರೀತಿಯಲ್ಲೇ ತಿಳಿಯಿತು.

ಶ್ರೀಜಾ ಎರಡೂವರೆಗೆ ಬಂದಳು. ಅಪ್ಪನಿಗೆ "ಹಾಯ್" ಎಂದಳು, ಅಷ್ಟೇ. ಅಮ್ಮನ ಚೀಲ ಎತ್ತಿಕೊಂಡಳು. ಚಪ್ಪಲಿ ಮೆಟ್ಟುತ್ತ ಗೋದಾವರಿ, "ಆಲೇಪಾಕ ಡಬ್ಯಾಗ ಅದ. ಖಾಲಿ ಹೊಟ್ಟಿಲೆ ಬೋಟ್ ಹತ್ತಬ್ಯಾಡ್ರಿ," ಎಂದಳು. ಮೂವತ್ತನಾಲ್ಕು ವರ್ಷದ ರೂಢಿಯ ಮಾತು, ಬಾಯಿಗೆ ತಾನಾಗಿ ಬಂದಿತ್ತು. ಕಾರು ಹಿಂದೆ ಸರಿದು, ತಿರುಗಿ, ಬೀದಿಯ ಕೊನೆಯ ಸ್ಟಾಪ್ ಬೋರ್ಡಿನಲ್ಲಿ ತುಸು ನಿಂತು, ಹೋಯಿತು.

ತಿರುಮಲ ಒಳಗೆ ಬಂದು ಅವಳ ಕೋಟನ್ನು ಎತ್ತಿ ಕುರ್ಚಿಗೆ ಹಾಕಿದ, ತನ್ನ ಬಟ್ಟೆಗಳನ್ನು ಸೂಟ್‌ಕೇಸಿನಲ್ಲಿ ಹರಡಿ ಜಾಗ ತುಂಬಿಸಿದ. ಬೆಳಗಿನ ಆರಕ್ಕೆ ವಿಮಾನ. ಐವತ್ತು ಪೌಂಡಿಗಿಂತ ಹೆಚ್ಚಾದರೆ ಕೌಂಟರಿನಲ್ಲಿ ಗಲಾಟೆ. ಬಚ್ಚಲಿನಿಂದ ತೂಕದ ಮಷೀನು ತಂದು ನೆಲದ ಮೇಲಿಟ್ಟು, ಸೂಟ್‌ಕೇಸನ್ನು ಎರಡೂ ಕೈಯಿಂದ ತಬ್ಬಿ ಎತ್ತಿಕೊಂಡು ಮಷೀನು ಹತ್ತಿ ನಿಂತ. ಅಂಕಿ ಕಾಣಲಿಲ್ಲ. ಊರಿಗೆ ಹೋಗುವಾಗಲೆಲ್ಲ ಅವನು ಹೀಗೆ ನಿಂತರೆ ಗೋದಾವರಿ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು. ಕತ್ತನ್ನು ಎಡಕ್ಕೆ ಚಾಚಿದ, ಬಲಕ್ಕೆ ಚಾಚಿದ, ಹೊಟ್ಟೆ ಒಳಗೆಳೆದುಕೊಂಡು ಇಣುಕಿದ. ಸೂಟ್‌ಕೇಸು ಅಡ್ಡವಾಗಿತ್ತು. ತೋಳು ಸೋತವು. ಅದನ್ನು ಪಕ್ಕಕ್ಕೆ ಇಳಿಸಿ ಬಗ್ಗಿ ನೋಡುವಷ್ಟರಲ್ಲಿ ಮಷೀನಿನ ಮೇಲೆ ಅವನೊಬ್ಬನ ತೂಕವಷ್ಟೇ ಉಳಿದಿತ್ತು.